ಅಕ್ಕ ಆರಾಮ್ ಆದ್ರಲ್ಲ?

ಹೋದ ವಾರ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಪುಂಡಿ ಪಲ್ಯ ಆರಿಸುತ್ತಾ ನಿಂತಿದ್ದೆ. ಪಕ್ಕದಲ್ಲಿ ಬಂದು ನಿಂತವರು ನಮ್ಮ ಓಣಿಯಲ್ಲೇ ಮೊದಲು ಇದ್ದವರು. ಕೈಚೀಲ ಕೆಳಗಿಟ್ಟು ಕೇಳಿದರು, “ಏನ್ರೀ ಟೀಚರ್, ಅಕ್ಕಾರು ಆರಾಮ್ ಆದ್ರಲ್ಲ?” ನಾನು “ಹೂಂನ್ರೀ, ಆರಾಮ್ ಅದಾಳ” ಅಂದೆ. “ಪುಣ್ಯಾ ಮಾಡೀರಿ ಬಿಡ್ರಿ” ಅಂತ ಅವರು ಮುಂದೆ ಹೋದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು. ಆದರೆ ಬ್ರಹ್ಮಪುರದ ನಮ್ಮ ಮನೆ ಮುಟ್ಟುವವರೆಗೂ ನನ್ನ ಆ ಉತ್ತರವೇ ನನಗೆ ಚುಚ್ಚುತ್ತಿತ್ತು. ನಾನು ಸುಳ್ಳು ಹೇಳಿದೆನಾ? ಅಕ್ಕ ಬದುಕಿದ್ದಾಳೆ. ತಾನೇ ಸ್ನಾನ ಮಾಡುತ್ತಾಳೆ, ಉಣ್ಣುತ್ತಾಳೆ, ಮಗನನ್ನು ಬೈಯುತ್ತಾಳೆ. ಮತ್ತೆ ಅದೇ ದಿನ ಮಧ್ಯಾಹ್ನ, ಪಕ್ಕದ ಮನೆಯಲ್ಲಿ ಗ್ರೈಂಡರ್ ಸದ್ದು ನಿಲ್ಲಲಿಲ್ಲ ಅಂತ ತಲೆಗೆ ಚಾದರ ಹೊದ್ದು, ಕಿವಿ ಮುಚ್ಚಿಕೊಂಡು, ಅಳುತ್ತಾ ಮಲಗಿದ್ದಳು.

ನಮ್ಮ ಕಡೆ ‘ಆರಾಮ್’ ಅನ್ನುವ ಮಾತಿಗೆ ಎರಡು ಅರ್ಥ. ನಿಜಾಮರ ಕಾಲ 1948ಕ್ಕೆ ಮುಗಿದರೂ ಉರ್ದು ನಮ್ಮ ನಾಲಿಗೆಯಲ್ಲಿ ಉಳಿದಿದೆ. ‘ಆರಾಮ್ ಅದೀನಿ’ ಅಂದರೆ ಚೆನ್ನಾಗಿದ್ದೇನೆ. ‘ಆರಾಮ್ ಮಾಡ್ರಿ’ ಅಂದರೆ ಮಲಗಿ, ದಣಿವು ಆರಿಸಿಕೊಳ್ಳಿ. ಮೆದುಳಿನಲ್ಲಿ ರಕ್ತಸ್ರಾವವಾಗಿ ಅಕ್ಕ ಉಳಿದು ಬಂದ ಮೇಲೆ, ಎರಡೂವರೆ ವರ್ಷದಿಂದ ನಾನು ನೋಡುತ್ತಾ ಬಂದಿದ್ದೇನೆ. ಅಕ್ಕನಿಗೆ ಮೊದಲನೆಯ ಆರಾಮ್ ಬರಬೇಕಾದರೆ ಎರಡನೆಯ ಆರಾಮ್ ಬೇಕು. ಆದರೆ ನಮ್ಮ ಜನ ಮೊದಲನೆಯದು ಬಂತು ಅಂತ ತಿಳಿದ ಕೂಡಲೇ ಎರಡನೆಯದನ್ನು ಕೊಡುವುದು ನಿಲ್ಲಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಗುರುವಾರ

2023ರ ಮೇ 10, ವಿಧಾನಸಭೆ ಚುನಾವಣೆ. ನನಗೆ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮತಗಟ್ಟೆ ಡ್ಯೂಟಿ ಇತ್ತು. ಪೆಟ್ಟಿಗೆ, ಕಾಗದ ಎಲ್ಲ ಒಪ್ಪಿಸಿ ಮನೆಗೆ ಬಂದಾಗ ನಡುರಾತ್ರಿ ದಾಟಿತ್ತು. ಅಕ್ಕ ಅಂದು ಮುಂಜಾನೆಯೇ ಸಾಲಲ್ಲಿ ನಿಂತು ಓಟು ಹಾಕಿ ಬಂದಿದ್ದಳು. ಮರುದಿನ ಗುರುವಾರ ನಾನು ಸತ್ತಂತೆ ಮಲಗಿದ್ದೆ. ಏಳೂವರೆಗೆ ಅಕ್ಕನ ಮಗನ ಫೋನು. “ಚಿಕ್ಕಮ್ಮಾ, ಅವ್ವಗ ತಲಿ ಭಾಳ ನೋಯ್ಲಿಕತ್ತದ. ವಾಂತಿ ಮಾಡ್ಕೊಂಡಾಳ.” ಅಕ್ಕನ ಮನೆ ನಮ್ಮದರಿಂದ ಆರನೆಯದು. ನಾನು ಎದ್ದು ಹೋಗಲಿಲ್ಲ. “ಬಿಸಲಿಗಿ ಆಗಿರ್ತದ, ಮಜ್ಜಿಗಿ ಕುಡಸು, ಮಲಗಸು” ಅಂದು ಮಗ್ಗಲು ಹೊರಳಿದೆ. ಕಲಬುರಗಿಯ ಮೇ ತಿಂಗಳು ಗೊತ್ತಿರುವವರಿಗೆ ಈ ಮಾತು ಸಹಜ ಅನ್ನಿಸೀತು. ಇಲ್ಲಿ ತಲೆನೋವು, ವಾಂತಿ ಅಂದರೆ ಬಿಸಿಲು, ಇಲ್ಲದಿದ್ದರೆ ಪಿತ್ತ. ಆದರೂ ಆ ಮಾತು ನನ್ನದೇ, ಅದನ್ನು ನಾನು ಇವತ್ತಿಗೂ ಇಳಿಸಿ ಇಟ್ಟಿಲ್ಲ.

ಅಕ್ಕನ ಕೆಲಸ ಜೋಳದ ರೊಟ್ಟಿ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಬಡಿದು ಕೊಡುತ್ತಿದ್ದಳು. ಒಂದು ಮುಂಜಾನೆಗೆ ನೂರು ರೊಟ್ಟಿ ಅವಳಿಗೆ ಲೆಕ್ಕವೇ ಅಲ್ಲ. ಅಂದು ಮೂವತ್ತೋ ನಲವತ್ತೋ ಆಗಿತ್ತಂತೆ. ರೊಟ್ಟಿ ಎತ್ತಿ ಹಂಚಿಗೆ ಹಾಕಿ ಕೈ ಹಿಂದೆ ತಗೊಳ್ಳುವಷ್ಟರಲ್ಲಿ ಹಿಂದಲೆ ಹಿಡಿದುಕೊಂಡು ಕೂತುಬಿಟ್ಟಳಂತೆ. “ಯಾರೋ ಹಿಂದ ನಿಂತು ಒನಕಿಲೆ ಹೊಡದಂಗ ಆತು” ಅಂದಿದ್ದಳು. ಮಗ ಗಾಬರಿಯಿಂದ ಹಿಂದೆ ತಿರುಗಿ ನೋಡಿದ್ದನಂತೆ. ಈ ಮಾತನ್ನೇ ನಾವು ಹಿಡಿದುಕೊಳ್ಳಬೇಕಿತ್ತು. ಬಿಸಿಲಿನ ತಲೆನೋವು, ಅರೆತಲೆನೋವು ನಿಧಾನಕ್ಕೆ ಏರುತ್ತವೆ. ಇದು ಹಾಗಲ್ಲ. ಒಂದು ನಿಮಿಷದೊಳಗೆ ಜೀವಮಾನದಲ್ಲೇ ಕಾಣದಷ್ಟು ನೋವು ಬಂದು ನಿಲ್ಲುತ್ತದೆ. ಡಾಕ್ಟರರು ಇದನ್ನು ಸಿಡಿಲು ಬಡಿದಂಥ ತಲೆನೋವು ಅನ್ನುತ್ತಾರೆ. ಜೊತೆಗೆ ವಾಂತಿ, ಕತ್ತು ಬಿಗಿಯುವುದು, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವುದು. ಅಕ್ಕನಿಗೆ ಎಲ್ಲವೂ ಇತ್ತು.

ಮಾಮ, ಅಂದರೆ ಅಕ್ಕನ ಗಂಡ, ದಾಲ್ ಮಿಲ್‌ನಿಂದ ಬಂದು ಹತ್ತಿರದ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಮೈಗ್ರೇನ್ ಅಂದು ಒಂದು ಇಂಜೆಕ್ಷನ್, ನಾಲ್ಕು ಗುಳಿಗೆ ಕೊಟ್ಟು ಕಳಿಸಿದರು. ಬಿಪಿ ಜಾಸ್ತಿ ಇದೆ, ನೋವಿಗೆ ಏರಿರಬಹುದು ಅಂದರಂತೆ. ಐವತ್ತೊಂದು ವರ್ಷದ ಅಕ್ಕ ಅದಕ್ಕಿಂತ ಮೊದಲು ಬಿಪಿ ಯಾವಾಗ ನೋಡಿಸಿದ್ದಳು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಆ ಡಾಕ್ಟರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಆಮೇಲೆ ಓದಿದಾಗ ತಿಳಿಯಿತು, ದೊಡ್ಡ ದೊಡ್ಡ ದೇಶಗಳಲ್ಲೂ ಸುಮಾರು ಹತ್ತರಲ್ಲಿ ಒಂದು ಕೇಸು ಮೊದಲ ಸಲ ಹೀಗೇ ತಪ್ಪಿಹೋಗುತ್ತದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ನನ್ನ ಮಜ್ಜಿಗೆಯ ಮಾತು ಅಡ್ಡ ಬರುತ್ತದೆ.

ಸಂಜೆ ನಾನು ಹೋದಾಗ ಅಕ್ಕ ಕತ್ತಲೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಾಗಿಲು ತೆರೆದ ಕೂಡಲೇ “ಬೆಳಕ ತಗಿಬ್ಯಾಡ” ಅಂದಳು. ಎಬ್ಬಿಸಲು ಕತ್ತಿನ ಕೆಳಗೆ ಕೈ ಹಾಕಿದೆ. ಕತ್ತು ಮಣಿಯಲಿಲ್ಲ, ಹಲಗೆ ಎತ್ತಿದ ಹಾಗೆ ಭುಜವೂ ಜೊತೆಗೇ ಎದ್ದಿತು. ನನ್ನನ್ನು ನೋಡಿ “ಅವ್ವಾ, ಯಾವಾಗ ಬಂದಿ?” ಅಂದಳು. ನಮ್ಮ ಅವ್ವ ತೀರಿಹೋಗಿ ಒಂಬತ್ತು ವರ್ಷ. ಆಗ ಓಡಿದೆವು.

ರಾತ್ರಿ ಎಂಟಕ್ಕೆ ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರು ಮಾಮನಿಗೂ ನನಗೂ ಪರದೆ ತೋರಿಸಿದರು. ಮೆದುಳಿನ ತಳದಲ್ಲಿ ನೀರು ತುಂಬಿರುವ ಜಾಗ ಸ್ಕ್ಯಾನ್‌ನಲ್ಲಿ ಕಪ್ಪಗೆ ಕಾಣಬೇಕು. ಅಕ್ಕನದು ಬೆಳ್ಳಗಿತ್ತು. ಐದು ಮೂಲೆಯ ನಕ್ಷತ್ರದ ಹಾಗೆ. ನನ್ನ ಮಕ್ಕಳು ರಂಗೋಲಿಯಲ್ಲಿ ಬಿಡಿಸುವ ನಕ್ಷತ್ರದ ಹಾಗೆ ಅಷ್ಟು ಅಚ್ಚುಕಟ್ಟಾಗಿ ಇತ್ತು. ಅದೆಲ್ಲ ರಕ್ತ ಅಂದರು. ಮೆದುಳಿನ ಸುತ್ತ ಮೂರು ಪೊರೆಗಳಿವೆ. ನಡುವಿನದು ಜೇಡರ ಬಲೆಯ ಹಾಗೆ ಇರುವುದರಿಂದ ಅದರ ಹೆಸರೇ ಅರಾಕ್ನಾಯ್ಡ್. ಅದರ ಕೆಳಗಿನ ಸಂದಿಯಲ್ಲಿ ರಕ್ತನಾಳ ಒಡೆದರೆ ಸಬ್‌ಅರಾಕ್ನಾಯ್ಡ್ ಹೆಮರೇಜ್. ಅಕ್ಕನ ಮೆದುಳಿನ ಮುಂಭಾಗದಲ್ಲಿ ಎಡಬಲದ ನಾಳಗಳನ್ನು ಕೂಡಿಸುವ ಒಂದು ಸಣ್ಣ ನಾಳವಿದೆ. ಅಲ್ಲಿ ಗೋಡೆ ತೆಳುವಾಗಿ, ಸೈಕಲ್ ಟ್ಯೂಬು ಉಬ್ಬಿದ ಹಾಗೆ ಒಂದು ಗುಳ್ಳೆ ಬೆಳೆದಿತ್ತು. ಆ ಗುಳ್ಳೆಗೆ ಅನ್ಯೂರಿಸಂ ಅನ್ನುತ್ತಾರೆ. ತಾನಾಗಿಯೇ ಆಗುವ ಇಂಥ ರಕ್ತಸ್ರಾವದಲ್ಲಿ ನೂರರಲ್ಲಿ ಸುಮಾರು 85ಕ್ಕೆ ಇಂಥ ಗುಳ್ಳೆ ಒಡೆಯುವುದೇ ಕಾರಣ. ಒಡೆದದ್ದು ತಾತ್ಕಾಲಿಕವಾಗಿ ಹೆಪ್ಪುಗಟ್ಟಿ ಮುಚ್ಚಿದೆ, ಮೊದಲ ಇಪ್ಪತ್ನಾಲ್ಕು ಗಂಟೆಯಲ್ಲೇ ಮತ್ತೆ ಒಡೆಯುವ ಭಯ ಜಾಸ್ತಿ, ಒಡೆದರೆ ಉಳಿಯುವುದು ಕಷ್ಟ ಅಂದರು. ಆ ಇಪ್ಪತ್ನಾಲ್ಕರಲ್ಲಿ ಹನ್ನೆರಡು ತಾಸು ನಾವು ಆಗಲೇ ಮಜ್ಜಿಗೆ, ಗುಳಿಗೆಯಲ್ಲಿ ಕಳೆದಿದ್ದೆವು.

ಆ ರಾತ್ರಿ ಹೈದರಾಬಾದಿಗೆ ಹೊರಟೆವು. ಇನ್ನೂರ ಇಪ್ಪತ್ತು ಕಿಲೋಮೀಟರು. ಕಮಲಾಪುರ, ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ. ಎಷ್ಟೋ ಸಲ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಹೋದ ದಾರಿ. ಅಂದು ಆ ದಾರಿಯಲ್ಲಿ ಎಷ್ಟು ಹಂಪ್ ಇವೆ ಅಂತ ತಿಳಿಯಿತು. ಪ್ರತಿ ಹಂಪಿಗೂ ಮಾಮ ಎರಡೂ ಕೈಯಿಂದ ಅಕ್ಕನ ತಲೆಯನ್ನು ತುಂಬಿದ ಕೊಡದ ಹಾಗೆ ಹಿಡಿದುಕೊಳ್ಳುತ್ತಿದ್ದರು. ಅವರ ತುಟಿ ಅಲುಗುತ್ತಲೇ ಇತ್ತು. ನಮ್ಮೂರ ದೇವರು ಶರಣಬಸಪ್ಪನನ್ನು ಕರೆಯುತ್ತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಒಮ್ಮೆ ಕೇಳಿದಾಗ, ಬರೀ ಹಂಪು ಎಣಿಸುತ್ತಿದ್ದೆ ಅಂದರು.

ಎಸರು

ಮರುದಿನ ಕಾಯಿಲ್ ಹಾಕಿದರು. ತೊಡೆಯ ಸಂದಿಯ ನಾಳದಿಂದ ಸಣ್ಣ ನಳಿಗೆ ತೂರಿಸಿ, ಮೆದುಳಿನವರೆಗೆ ಒಯ್ದು, ಕೂದಲಿನಷ್ಟು ತೆಳುವಾದ ಪ್ಲಾಟಿನಂ ತಂತಿಯನ್ನು ಗುಳ್ಳೆಯೊಳಗೆ ಉಂಡೆ ಸುತ್ತಿ ಬಿಡುತ್ತಾರೆ. ಒಳಗೆ ರಕ್ತ ಹೆಪ್ಪುಗಟ್ಟಿ ಗುಳ್ಳೆ ಮುಚ್ಚುತ್ತದೆ. ತಲೆಬುರುಡೆ ತೆರೆದು ಗುಳ್ಳೆಯ ಕತ್ತಿಗೆ ಕ್ಲಿಪ್ ಹಾಕುವ ದಾರಿ 1937ರಷ್ಟು ಹಳೆಯದು. ಅಮೆರಿಕದ ವಾಲ್ಟರ್ ಡ್ಯಾಂಡಿ ಮೊದಲು ಮಾಡಿದ್ದು. ಬೇಕಾದ ಜಾಗದಲ್ಲಿ ಬಿಟ್ಟು ಬರಬಹುದಾದ ಕಾಯಿಲ್ ಇಟಲಿಯ ಗುಗ್ಲಿಯೆಲ್ಮಿ ಅನ್ನುವವರ ಕೆಲಸ. 1990ರಲ್ಲಿ ಮೊದಲ ರೋಗಿಗೆ ಹಾಕಿದರು. ಆಗ ಅಕ್ಕ ಮದುವೆಯ ವಯಸ್ಸಿನ ಹುಡುಗಿ. ಅವಳ ತಲೆಗೆ ಬೇಕಾಗುವ ತಂತಿ ಆ ಹೊತ್ತಿಗೇ ದೂರದಲ್ಲಿ ಎಲ್ಲೋ ತಯಾರಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಾವು ಗೆದ್ದೆವು ಅಂದುಕೊಂಡೆವು. ಮಾಮ ಊರಿಗೆಲ್ಲ ಫೋನು ಮಾಡಿದರು. ಅಲ್ಲಿನ ಡಾಕ್ಟರು ಮಾತ್ರ ಬೆರಳು ಮಡಚುತ್ತಾ ಹೇಳಿದರು, ಮುಂದಿನ ಎರಡು ವಾರ ನೋಡಬೇಕು. ಸೋರಿದ ರಕ್ತ ಮೆದುಳಿನ ಸುತ್ತ ಹಾಗೇ ಇರುತ್ತದಲ್ಲ, ಅದು ಕರಗುತ್ತಾ ಉಳಿದ ಒಳ್ಳೆಯ ನಾಳಗಳನ್ನೂ ಕೆರಳಿಸುತ್ತದೆ. ಅವು ಸೆಟೆದು ಸಣ್ಣಗಾಗುತ್ತವೆ. ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದ ನಡುವೆ ಇದರ ಕಾಟ ಜಾಸ್ತಿ. ಅದರಿಂದ ಆಗುವ ಹಾನಿ ತಡೆಯಲು ನಿಮೋಡಿಪಿನ್ ಅನ್ನುವ ಗುಳಿಗೆ, ನಾಲ್ಕು ಗಂಟೆಗೊಮ್ಮೆ ಎರಡು, ಇಪ್ಪತ್ತೊಂದು ದಿನ.

ಏಳನೆಯ ದಿನ ಅಕ್ಕ ಮಂಕಾದಳು. ಹಿಂದಿನ ದಿನ ನನ್ನ ಕೈ ಹಿಡಿದವಳು ಕಣ್ಣು ತೆರೆಯುತ್ತಿಲ್ಲ. ನರ್ಸಮ್ಮ ಪ್ರಜ್ಞೆಯ ಲೆಕ್ಕ ಬರೆಯಬೇಕು. ಗ್ಲಾಸ್ಗೋ ಕೋಮಾ ಸ್ಕೇಲ್ ಅಂತ, 1974ರಲ್ಲಿ ಬಂದದ್ದು. ಕಣ್ಣು, ಮಾತು, ಕೈಕಾಲಿನ ಚಲನೆ ಮೂರೂ ಸೇರಿ ಹದಿನೈದಕ್ಕೆ ಅಂಕ. ತೀರಾ ಕಡಿಮೆ ಅಂದರೆ ಮೂರು. ಮಾತಿಗೇ ಐದು. ಅವರು ತೆಲುಗಿನಲ್ಲಿ ಕೇಳಿದರು, ಆಮೇಲೆ ಉರ್ದುವಿನಲ್ಲಿ ಕೇಳಿದರು, ಇದು ಯಾವ ಊರಮ್ಮಾ, ಇದು ಯಾವ ತಿಂಗಳಮ್ಮಾ. ಅಕ್ಕ ಬಾಯಿ ಬಿಡಲಿಲ್ಲ. ಅವಳಿಗೆ ಬಜಾರಿನ ಉರ್ದು ಬರುತ್ತದೆ. ಆದರೆ ಆ ದಿನ ಅವಳಿಗೆ ಎಷ್ಟು ಉಳಿದಿತ್ತೋ ಯಾರಿಗೆ ಗೊತ್ತು. ನಾನು ಐಸಿಯು ಬಾಗಿಲಲ್ಲಿ ನಿಂತಿದ್ದೆ. ನರ್ಸಮ್ಮನೇ ನನ್ನನ್ನು ಒಳಗೆ ಕರೆದು, ನೀವೇ ಕೇಳಿ ಅಂದರು.

ಏನು ಕೇಳಬೇಕು ತಿಳಿಯಲಿಲ್ಲ. ತಿಂಗಳು, ಊರು, ಪ್ರಧಾನಿಯ ಹೆಸರು ಇವೆಲ್ಲ ನಾನು ಶಾಲೆಯಲ್ಲಿ ಮಕ್ಕಳಿಗೆ ಕೇಳುವ ಪ್ರಶ್ನೆಗಳು. ಅಕ್ಕನಿಗೆ ನಾನು ಯಾವತ್ತೂ ಹಾಗೆ ಕೇಳಿದವಳಲ್ಲ. ಕಿವಿಯ ಹತ್ತಿರ ಬಗ್ಗಿ ಅಂದೆ, “ಯಕ್ಕಾ, ರೊಟ್ಟಿಗಿ ಎಸರು ಇಟ್ಟೀನಿ. ಮುಂದೇನ್ ಮಾಡ್ಲಿ?”

ಸ್ವಲ್ಪ ಹೊತ್ತು ಏನೂ ಇಲ್ಲ. ಯಂತ್ರದ ಸದ್ದು ಮಾತ್ರ. ಆಮೇಲೆ ಕಣ್ಣು ಮುಚ್ಚಿದ ಹಾಗೇ, ಬಹಳ ಮೆಲ್ಲಗೆ, ಸ್ವಲ್ಪ ಬೇಸರದಿಂದ ಅಂದಳು, “ಕುದಿಲಿ, ತಡಿ.”

ನರ್ಸಮ್ಮ ಏನಂದರು ಅಂತ ಕೇಳಿದರು. ನನಗೆ ಹೇಳಲಾಗಲಿಲ್ಲ. ಗಂಟಲು ಕಟ್ಟಿತ್ತು. ಮಾತು ಸರಿಯಾಗಿದೆ ಅಂತ ಕೈಸನ್ನೆ ಮಾಡಿದೆ. ಅವರು ಕಾಗದದಲ್ಲಿ ಏನೋ ತಿದ್ದಿದರು. ಆ ದಿನ ಅಕ್ಕನ ರಕ್ತದೊತ್ತಡವನ್ನು ಬೇಕಂತಲೇ ಔಷಧಿ ಕೊಟ್ಟು ಏರಿಸಿದರು. ವಾರದ ಹಿಂದೆ ಬಿಪಿ ಇಳಿಸಲು ಒದ್ದಾಡಿದವರು ಈಗ ಏರಿಸುತ್ತಿದ್ದಾರಲ್ಲ ಅಂತ ನಮಗೆ ಗಾಬರಿ. ಗುಳ್ಳೆ ಈಗ ಭದ್ರವಾಗಿದೆ, ಸಣ್ಣಗಾದ ನಾಳಗಳಲ್ಲಿ ರಕ್ತ ನೂಕಬೇಕಾದರೆ ಒತ್ತಡ ಬೇಕು ಅಂತ ವಿವರಿಸಿದರು. ಮೂರು ದಿನಕ್ಕೆ ಅಕ್ಕ ತಿಳಿಯಾದಳು. ನಡುವೆ ರಕ್ತದಲ್ಲಿ ಸೋಡಿಯಂ ಇಳಿಯಿತು, ಜ್ವರ ಬಂತು. ಅದೂ ದಾಟಿತು.

ಅಕ್ಕನಿಗೆ ಇದೊಂದೂ ನೆನಪಿಲ್ಲ. ಅವಳ ಕೊನೆಯ ನೆನಪು ಓಟಿನ ಸಾಲು. ಆಮೇಲಿನ ನೆನಪು ಆಸ್ಪತ್ರೆ ಬಿಡುವ ಹಿಂದಿನ ದಿನದ್ದು, ಕಿಟಕಿ ಹೊರಗೆ ಒಂದು ನೀರಿನ ಟ್ಯಾಂಕು. ನಡುವೆ ಹದಿನೆಂಟು ದಿನ ಇಲ್ಲವೇ ಇಲ್ಲ. ಅಂದು ಎಡಗೈ ಬೆರಳು ನೋಡಿಕೊಂಡಳು. ಶಾಯಿ ಉಗುರಿನಲ್ಲಿ ಇನ್ನೂ ಇತ್ತು. “ನಿನ್ನಿ ಓಟ್ ಹಾಕೀನಲ್ಲ, ಯಾರ್ ಗೆದ್ರು?” ಅಂದಳು. ಹೊಸ ಸರಕಾರ ಪ್ರಮಾಣ ವಚನ ಮಾಡಿ ವಾರ ಆಗಿತ್ತು.

ಗಾಯ ಕಾಣದ ತಲೆ

ಮೇ 29ಕ್ಕೆ ಮನೆಗೆ ಬಂದೆವು. ಇಪ್ಪತ್ತೊಂದು ದಿನಕ್ಕೆ ಇನ್ನೂ ನಾಲ್ಕು ದಿನದ ಗುಳಿಗೆ ಬಾಕಿ. ಎರಡು, ಆರು, ಹತ್ತು, ಮತ್ತೆ ಎರಡು, ಆರು, ಹತ್ತು. ನನ್ನ ಮೊಬೈಲಿನಲ್ಲಿ ಅಲಾರಾಂ ಇಟ್ಟಿದ್ದೆ. ಆ ರಾಗವನ್ನು ಆಮೇಲೆ ಬದಲಿಸಿದೆ. ಬೇರೆಯವರ ಫೋನಿನಲ್ಲಿ ಅದು ಬಂದರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಮಾತಾಡಿಸಲು ಜನ ಬಂದರು. ನಮ್ಮ ಕಡೆ ಇದು ಋಣದ ಲೆಕ್ಕ. ಅವರಿಗೆ ಆರಾಮ್ ಇಲ್ಲದಾಗ ಅಕ್ಕ ಹೋಗಿದ್ದಳು, ಈಗ ಅವರು ಬರಲೇಬೇಕು. ಬಾಳೆಹಣ್ಣು, ಬ್ರೆಡ್ಡು, ಎಳನೀರು ಹಿಡಿದು ಬಂದು ಮಂಚದ ಸುತ್ತ ಕೂತರು. “ಲಕ್ವಾ ಹೊಡದದ ಅಂದ್ರು, ಕೈಕಾಲು ಎಲ್ಲಾ ನೆಟ್ಟಗ ಅದಾವಲ್ಲ!” ಅಂದರು. ಆಪರೇಷನ್ ಎಲ್ಲಿ ಆಯಿತು ಅಂತ ತಲೆ ನೋಡಿದರು. ಕಾಯಿಲ್ ಹಾಕಿದ್ದರಿಂದ ಒಂದು ಕೂದಲೂ ಹೋಗಿರಲಿಲ್ಲ. ಜಡೆ ಹಾಗೇ ಇತ್ತು. ತಲೆ ಬೋಳಿಸಿ ಹೊಲಿಗೆ ಹಾಕಿದ್ದರೆ ಅವರು ಮೆಲ್ಲಗೆ ಮಾತಾಡುತ್ತಿದ್ದರು, ಬೇಗ ಎದ್ದು ಹೋಗುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ಗಾಯ ಕಾಣಲಿಲ್ಲ, ಹಾಗಾಗಿ ಗಾಯ ಇಲ್ಲ ಅಂತಾಯಿತು. ಅಕ್ಕ ಹದಿನೈದು ನಿಮಿಷ ನಗುತ್ತಾ ಕೂರುತ್ತಿದ್ದಳು. ಇಪ್ಪತ್ತನೆಯ ನಿಮಿಷಕ್ಕೆ ಮುಖ ಬೆಳ್ಳಗಾಗುತ್ತಿತ್ತು. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರು ಏನಂದರು ಗೊತ್ತಾಗುತ್ತಿರಲಿಲ್ಲ. ಅವರು ಹೋದ ಮೇಲೆ ಎರಡು ದಿನ ಮಲಗುತ್ತಿದ್ದಳು.

ಇಲ್ಲಿ ನನ್ನ ತಪ್ಪು ಬರುತ್ತದೆ. ಎರಡು ತಿಂಗಳು ನಾನೂ ಸಹಿಸಿದೆ. ಶಾಲೆ ಶುರುವಾಗಿತ್ತು. ಎರಡು ಮನೆಯ ಕೆಲಸ. ಒಂದು ಸಂಜೆ ಬಂದಾಗ ಅಕ್ಕ ಮಲಗಿಯೇ ಇದ್ದಳು, ಪಾತ್ರೆ ಹಾಗೇ ಬಿದ್ದಿದ್ದವು. “ಇಡೀ ದಿನಾ ಮಲಗಿದ್ರ ಮೈ ಇನ್ನಾ ಜಡ್ಡಾಗ್ತದ ಯಕ್ಕಾ, ಸ್ವಲ್ಪ ಎದ್ದು ತಿರುಗಾಡು. ಡಾಕ್ಟರು ಎಲ್ಲಾ ಸರಿ ಅದ ಅಂದಾರ” ಅಂದೆ. ಅವಳು ಎದ್ದು ಕೂತಳು. ಜಗಳ ಮಾಡಲಿಲ್ಲ. “ನಾ ಮೈಗಳ್ಳಿ ಏನು?” ಅಂತ ಕೇಳಿದಳು. ಹನ್ನೆರಡನೆಯ ವಯಸ್ಸಿನಿಂದ ಒಲೆ ಮುಂದೆ ಕೂತವಳು ನನಗೆ ಹಾಗೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿಯೇ ನಾನು ಓದಲು ಶುರು ಮಾಡಿದ್ದು. ಇದು ಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಹತ್ತರಲ್ಲಿ ಒಬ್ಬರಾದರೂ ಆಸ್ಪತ್ರೆ ಮುಟ್ಟುವ ಮೊದಲೇ ಹೋಗುತ್ತಾರೆ. ಉಳಿದವರಲ್ಲಿ ಬಹಳ ಜನಕ್ಕೆ, ಕೈಕಾಲು ನೆಟ್ಟಗಿದ್ದರೂ, ದಣಿವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುತ್ತದೆ. ನೆನಪು, ನಿದ್ದೆ, ಸಿಟ್ಟು, ಭಯ ಎಲ್ಲ ಬದಲಾಗುತ್ತವೆ. ಕೆಲವರಿಗೆ ವಾಸನೆಯೇ ಹೋಗುತ್ತದೆ. ಅಕ್ಕ ಒಗ್ಗರಣೆ ಸೀದರೂ ಗೊತ್ತಾಗದೆ ನಿಂತಿದ್ದು ನನಗೆ ಆಗ ನೆನಪಾಯಿತು. ನಾನು ಅದನ್ನೂ ಅಲಕ್ಷ್ಯ ಅಂದುಕೊಂಡಿದ್ದೆ. 2002ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಕ್ಲಿಪ್ ಮತ್ತು ಕಾಯಿಲ್ ಎರಡನ್ನೂ 2143 ಜನರಲ್ಲಿ ಹೋಲಿಸಿ ನೋಡಿತ್ತು. ಒಂದು ವರ್ಷದ ಮೇಲೆ ತೀರಿಹೋದವರು ಅಥವಾ ಇನ್ನೊಬ್ಬರ ಆಸರೆಯಲ್ಲಿ ಇದ್ದವರು ಕ್ಲಿಪ್ ಗುಂಪಿನಲ್ಲಿ ನೂರಕ್ಕೆ ಸುಮಾರು 31, ಕಾಯಿಲ್ ಗುಂಪಿನಲ್ಲಿ ಸುಮಾರು 24. ಆ ಲೆಕ್ಕದಿಂದಲೇ ಕಾಯಿಲ್ ಇಷ್ಟು ಹರಡಿತು, ಅಕ್ಕ ಬದುಕಿದಳು. ಆದರೆ ಆ ಲೆಕ್ಕದಲ್ಲಿ, ಮೊದಲು ಮಾಡುತ್ತಿದ್ದ ಎಲ್ಲ ಕೆಲಸ ಮಾಡಲಾಗದಿದ್ದರೂ ತನ್ನನ್ನು ತಾನು ನೋಡಿಕೊಳ್ಳುವವರು ಒಳ್ಳೆಯ ಸಾಲಿಗೇ ಸೇರುತ್ತಾರೆ. ಅಕ್ಕ ಅಲ್ಲಿ ಪಾಸು. ಡಾಕ್ಟರು ‘ಎಲ್ಲಾ ಸರಿ’ ಅಂದಾಗ ಅವರು ನೋಡುತ್ತಿದ್ದದ್ದು ಗುಳ್ಳೆ. ನಾನು ಕೇಳಿಸಿಕೊಂಡದ್ದು ಅಕ್ಕ.

ಬೆಳಿಗ್ಗೆ ಹೋಗಿ ಅವಳ ಕಾಲ ಹತ್ತಿರ ಕೂತೆ. ಓದಿದ್ದನ್ನು ಹೇಳಿದೆ. “ಇದು ಎಲ್ಲಾರಿಗೂ ಆಗ್ತದ ಅಂತ ಯಕ್ಕಾ, ನಿಂದು ತಪ್ಪಲ್ಲ.” ಅವಳು ಬಹಳ ಹೊತ್ತು ಸುಮ್ಮನಿದ್ದು, “ಅದಕ್ಕ ಹೆಸರ ಅದ ಏನು?” ಅಂದಳು. ದಣಿವು ಅಂತಾರೆ ಅಂದೆ. “ದಣಿವು ದುಡದವ್ರಿಗಿ ಬರ್ತದ” ಅಂದಳು. ಅವಳು ಹೇಳಿದ್ದು ಸರಿ. ದುಡಿಯದೇ ಬರುವ ಈ ದಣಿವಿಗೆ ನಮ್ಮಲ್ಲಿ ಬೇರೆ ಮಾತಿಲ್ಲ. ಮಾತಿದ್ದಿದ್ದರೆ ಆ ಬಂದವರಿಗೆಲ್ಲ ಒಂದೇ ಪದದಲ್ಲಿ ಹೇಳಿ ಬಾಗಿಲು ಮುಚ್ಚಬಹುದಿತ್ತು.

ಮೂರು ರೊಟ್ಟಿ

ನಾಲ್ಕು ತಿಂಗಳಾದ ಮೇಲೆ ಒಂದು ಮುಂಜಾನೆ ಅಕ್ಕ ತಾನಾಗಿಯೇ ಹಿಟ್ಟಿನ ಡಬ್ಬಿ ತೆಗೆದಳು. ನಾನು ಬಾಗಿಲಿಗೆ ಒರಗಿ ನೋಡುತ್ತಾ ನಿಂತೆ. ಎಸರು ಇಟ್ಟಳು. ಕುದಿಯಿತು. ಪರಾತದಲ್ಲಿ ಹಿಟ್ಟು ಹಾಕಿ, ಎಸರು ಬೆರೆಸಿ, ಅಂಗೈಯಲ್ಲಿ ನಾದಿದಳು. ಕೈ ಏನೂ ಮರೆತಿರಲಿಲ್ಲ. ಉಂಡೆ ಕಟ್ಟಿ ಬಡಿಯಲು ಕೂತಾಗ ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಮನೆಗೆ ಅದರ ಸದ್ದು ಬಂತು. ತಟ್ ತಟ್ ತಟ್, ನಡುವೆ ಒಂದು ತಿರುವು, ಮತ್ತೆ ತಟ್ ತಟ್. ಒಳಗೆ ಓದುತ್ತಿದ್ದ ಹುಡುಗ ಪುಸ್ತಕ ಬಿಟ್ಟು ಎದ್ದು ಬಂದ. ರೊಟ್ಟಿ ಚಂದ್ರನ ಹಾಗೆ ದುಂಡಗೆ, ಅಂಚು ಒಡೆಯದೆ ಬಂದಿತ್ತು. ಹಂಚಿಗೆ ಹಾಕಿ, ನೀರಿನ ಅರಿವೆ ಆಡಿಸಿದಳು. ಎರಡನೆಯ ಉಂಡೆ ತೆಗೆದುಕೊಂಡಳು.

ಅಲ್ಲಿ ಕೆಟ್ಟಿತು. ರೊಟ್ಟಿ ಬಡಿಯುವವರ ಕೆಲಸ ನೀವು ನೋಡಿರುತ್ತೀರಿ, ಆದರೆ ಎಣಿಸಿರಲಿಕ್ಕಿಲ್ಲ. ಒಂದೇ ಹೊತ್ತಿಗೆ ಮೂರು ರೊಟ್ಟಿ ನಡೆಯುತ್ತಿರುತ್ತವೆ. ಒಂದು ಕೈ ಕೆಳಗೆ, ಒಂದು ಹಂಚಿನ ಮೇಲೆ, ಒಂದು ಒಲೆಯ ಬಾಯಲ್ಲಿ ಕೆಂಡಕ್ಕೆ ಉಬ್ಬುತ್ತಾ. ಕೈಯಲ್ಲಿರುವುದನ್ನು ಬಡಿಯುತ್ತಲೇ ಮೂಗು ಹಂಚಿನ ಕಡೆ, ಕಣ್ಣಂಚು ಕೆಂಡದ ಕಡೆ, ಬಾಯಿ ಪಕ್ಕದವರ ಜೊತೆ. ಅಕ್ಕ ಮೂವತ್ತು ವರ್ಷ ಮಾಡಿದ್ದು ಇದನ್ನೇ. ಈಗ ಎರಡನೆಯದನ್ನು ಬಡಿಯುವಷ್ಟರಲ್ಲಿ ಮೊದಲನೆಯದು ಹಂಚಿನ ಮೇಲೆ ಸುಟ್ಟು ಹೊಗೆ ಎದ್ದಿತು. ವಾಸನೆ ಬರಲಿಲ್ಲ ಅವಳಿಗೆ. ನಾನು ಕೂಗಿದೆ. ಅವಳು ಗಾಬರಿಯಾಗಿ ಅದನ್ನು ಎತ್ತಿ ಹಾಕಿ ತಿರುಗಿದಾಗ ಕೈಯಲ್ಲಿದ್ದದ್ದು ಹರಿದಿತ್ತು. ಎಷ್ಟಾಯಿತು, ಮುಂದೆ ಯಾವುದು, ಯಾವ ಕೈ ಎಲ್ಲಿ ಇಡಬೇಕು ಒಂದೂ ತಿಳಿಯದೆ ಹಿಟ್ಟಿನ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಳು. ಆ ಸಣ್ಣ ನಾಳದಿಂದ ರಕ್ತ ಹೋಗುವ ಮೆದುಳಿನ ಮುಂಭಾಗವೇ ಈ ಹೊಂದಿಸುವ ಕೆಲಸ ನೋಡಿಕೊಳ್ಳುತ್ತದೆ ಅಂತ ನಾನು ಓದಿದ್ದೆ. ಓದಿದ್ದು ಆ ಹೊತ್ತಿಗೆ ಕಣ್ಣೆದುರು ಸುಟ್ಟ ರೊಟ್ಟಿಯಾಗಿ ಬಿದ್ದಿತ್ತು.

ದಾರಿ ಹುಡುಕಿದ್ದು ಹುಡುಗ. “ಅವ್ವಾ, ನೀ ಬರೇ ಬಡಿ. ಬೇಯ್ಸೋದು ನಾ ನೋಡ್ಕೋತೀನಿ” ಅಂದ. ಇಪ್ಪತ್ತರ ಗಂಡು ಹುಡುಗ ಒಲೆ ಮುಂದೆ ಕೂತ. ಅಕ್ಕನಿಗೆ ಒಂದೇ ರೊಟ್ಟಿ. ಅದು ಮುಗಿದ ಮೇಲೆ ಇನ್ನೊಂದು. ನಡುವೆ ಯಾರೂ ಮಾತಾಡಬಾರದು. ಅಂದು ಆರು ಮಾಡಿದಳು. ತಿಂಗಳಿಗೆ ಹನ್ನೆರಡಾಯಿತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದಕ್ಕೆ ಒಂದು ಗೆರೆ ಎಳೆಯುತ್ತಾಳೆ, ಎಣಿಕೆ ತಪ್ಪುತ್ತದೆ ಅಂತ. ಈಗ ನಲವತ್ತು ಗೆರೆ ಆಗುತ್ತವೆ. ನಲವತ್ತಕ್ಕೆ ನಿಲ್ಲಿಸಿಬಿಡುತ್ತಾಳೆ. ಚೆನ್ನಾಗಿ ಅನ್ನಿಸಿದ ದಿನವೂ ನಲವತ್ತೇ. ಒಮ್ಮೆ ಅರವತ್ತು ಮಾಡಿ ಮೂರು ದಿನ ಏಳಲಾಗದೆ ಮಲಗಿ ಕಲಿತ ಲೆಕ್ಕ ಅದು. ಬೇಯಿಸಲು ಓಣಿಯ ಒಬ್ಬ ಹೆಣ್ಣುಮಗಳು ಬರುತ್ತಾಳೆ. ದುಡ್ಡಿನಲ್ಲಿ ಪಾಲು ಅವಳಿಗೂ ಇದೆ.

ಆರು ತಿಂಗಳಿಗೆ ಮೆದುಳಿನ ನಾಳಗಳ ಆಂಜಿಯೋಗ್ರಾಂ ಮಾಡಿದಾಗ ಗುಳ್ಳೆ ಮುಚ್ಚಿಯೇ ಇತ್ತು. ಬಿಪಿ ಗುಳಿಗೆ ತಪ್ಪಿಸುವುದಿಲ್ಲ. ಆದರೂ ಅಕ್ಕನಿಗೆ ಸಣ್ಣ ತಲೆನೋವು ಬಂದರೂ ಮನೆಯಲ್ಲಿ ಎಲ್ಲರೂ ಸ್ತಬ್ಧರಾಗುತ್ತೇವೆ. ಅವಳು ಹಿಂದಲೆ ಮುಟ್ಟಿಕೊಂಡು, “ಒನಕಿ ಅಲ್ಲ, ಬರೇ ತಲಿನೋವು” ಅಂತ ತಾನೇ ಹೇಳುತ್ತಾಳೆ. ನನಗೂ ನನ್ನ ತಲೆಯ ಬಗ್ಗೆ ಭಯ ಬಂದಿತ್ತು. ಒಡೆಯದ ಇಂಥ ಗುಳ್ಳೆ ದೊಡ್ಡವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇರಬಹುದು, ಹೆಚ್ಚಿನವು ಯಾವತ್ತೂ ಒಡೆಯುವುದಿಲ್ಲ ಅಂತ ಡಾಕ್ಟರು ಸಮಾಧಾನ ಹೇಳಿದರು. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದಿದ್ದರೆ ಉಳಿದವರು ಸ್ಕ್ಯಾನ್ ಮಾಡಿಸಿ ನೋಡಬೇಕಂತೆ. ನಾನು ಬಿಪಿ ನೋಡಿಸಿಕೊಂಡೆ. ಮಾಮ ಬೀಡಿ ಬಿಟ್ಟರು.

ಕೆಲವು ರಾತ್ರಿ ಅಕ್ಕ ಆ ಹದಿನೆಂಟು ದಿನದ ಕತೆ ಹೇಳು ಅನ್ನುತ್ತಾಳೆ. ಬೇರೆ ಯಾರದೋ ಕತೆ ಕೇಳುವ ಹಾಗೆ ಮೊಣಕಾಲು ಮಡಚಿ ಕೂರುತ್ತಾಳೆ. ಮಾಮ ಹಂಪು ಎಣಿಸಿದ್ದು, ಬೆರಳಿನ ಶಾಯಿ, ಎಲ್ಲ ಬರಬೇಕು. ಎಸರಿನ ಮಾತು ಬಂದಾಗ ಪ್ರತಿ ಸಲ ಕೇಳುತ್ತಾಳೆ, “ಕುದಿಲಿ ತಡಿ ಅಂತ ಖರೇನ ಅಂದ್ನೇನು?” ಖರೇನೇ ಅಂದಿ ಯಕ್ಕಾ ಅನ್ನುತ್ತೇನೆ. ಮಜ್ಜಿಗೆಯ ಮಾತು ನಾನು ಎರಡು ವರ್ಷ ಹೇಳದೆ ದಾಟಿಸಿದ್ದೆ. ಈ ಸಲದ ಶ್ರಾವಣದಲ್ಲಿ ಹೇಳಿದೆ. ಅವಳು ನನ್ನ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. “ನೀ ರಾತ್ರಿಯೆಲ್ಲಾ ನಿದ್ದಿಗೆಟ್ಟಿದ್ದಿ ಹುಡುಗಿ” ಅಂದಳು. ಮತ್ತೆ ಕತೆ ಮುಂದುವರಿಸು ಅಂದಳು.

ಪುಂಡಿ ಪಲ್ಯದ ಚೀಲ ಹಿಡಿದು ಅವತ್ತು ನಾನು ಅಕ್ಕನ ಮನೆಗೇ ಮೊದಲು ಹೋದೆ. ಮಧ್ಯಾಹ್ನ ಎರಡಾಗಿತ್ತು. ಬಾಗಿಲು ಮುಚ್ಚಿತ್ತು. ಅದರ ಮೇಲೆ ಹುಡುಗ ನೋಟ್‌ಬುಕ್ಕಿನ ಹಾಳೆ ಹರಿದು ಅಂಟಿಸಿದ್ದ ಚೀಟಿ ಬಿಸಿಲಿಗೆ ಹಳದಿಯಾಗಿದೆ. “ಅವ್ವ ಮಲಗ್ಯಾಳ. ನಾಲ್ಕಕ್ಕ ಬರ್ರಿ.” ಒಳಗಿನಿಂದ ಅಳು ಮೆಲ್ಲಗೆ ಕೇಳಿ, ಪಕ್ಕದ ಮನೆಗೆ ಹೋಗಿ ಗ್ರೈಂಡರ್ ಸ್ವಲ್ಪ ನಿಲ್ಲಿಸ್ರಿ ಅಂತ ಕೇಳಿಕೊಂಡೆ. ನಿಲ್ಲಿಸಿದರು. ಮರಳಿ ಬಂದಾಗ ಹಿಟ್ಟು ಬೀಸಿಸಿಕೊಂಡು ಬಂದ ಓಣಿಯ ಮುದುಕಿಯೊಬ್ಬಳು ಬಾಗಿಲ ಮುಂದೆ ನಿಂತಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಚೀಟಿ ನೋಡಿ ನನ್ನನ್ನು ನೋಡಿದಳು. “ಆರಾಮ್ ಮಾಡ್ಲಿಕತ್ತಾಳೇನು?” ಅಂದಳು. ಹೂಂ ಅಂದೆ. ಡಬ್ಬಿಯನ್ನು ಸದ್ದಾಗದ ಹಾಗೆ ಹೊಸ್ತಿಲ ಪಕ್ಕ ಇಟ್ಟು, ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಟುಹೋದಳು.